ಕಪ್ಪು ಸ್ಕ್ರೀನ್‌ಗೆ ಹೆದರಬೇಕಿಲ್ಲ: ಕಮಾಂಡ್ ಪ್ರಾಂಪ್ಟ್ ತೆರೆಯುವುದು, ಬಳಸುವುದು

ಮದುವೆ ಸೀಸನ್‌ನಲ್ಲಿ ದಾವಣಗೆರೆಯ ಯಾವ ಫೋಟೋ ಸ್ಟುಡಿಯೋಗೆ ಹೋದರೂ ಈ ಕೆಲಸ ನಡೆಯುತ್ತಿರುತ್ತದೆ. ಮದುವೆ ಮನೆಯವರು ಎಲ್ಲ ಫೋಟೋ ನೋಡಿ, ಆಲ್ಬಮ್‌ಗೆ ಯಾವ್ಯಾವುದು ಬೇಕು ಅಂತ ನಂಬರ್ ಬರೆದು ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ. ಇನ್ನೂರೋ ಮುನ್ನೂರೋ ನಂಬರ್. ಕಂಪ್ಯೂಟರ್ ಮುಂದೆ ಕೂತ ಹುಡುಗ ಒಂದೊಂದೇ ನಂಬರ್ ನೋಡಿ, ಸಾವಿರಾರು ಫೋಟೋ ಇರುವ ಫೋಲ್ಡರ್‌ನಲ್ಲಿ ಅದನ್ನು ಹುಡುಕಿ, ಕಾಪಿ ಮಾಡಿ, ಇನ್ನೊಂದು ಫೋಲ್ಡರ್‌ಗೆ ಪೇಸ್ಟ್ ಮಾಡುತ್ತಾನೆ. ಅರ್ಧ ದಿನ ಹೋಯಿತು. ನಡುವೆ ಒಂದು ನಂಬರ್ ಬಿಟ್ಟುಹೋದರೆ ಅದು ಗೊತ್ತಾಗುವುದು ಆಲ್ಬಮ್ ಪ್ರಿಂಟ್ ಆಗಿ ಬಂದ ಮೇಲೆ, ಹುಡುಗಿಯ ಸೋದರಮಾವ ‘ನನ್ನ ಫೋಟೋ ಎಲ್ಲಪ್ಪಾ?’ ಅಂತ ಕೇಳಿದಾಗ.

ಇದೇ ಕೆಲಸಕ್ಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ಮೌಸ್ ಬದಲು ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳುವ ಕಪ್ಪು ಸ್ಕ್ರೀನ್‌ನಲ್ಲಿ, ಒಂದು ಸಾಲು ಸಾಕು. ಯಾವ ಸಾಫ್ಟ್‌ವೇರೂ ಕೊಳ್ಳಬೇಕಿಲ್ಲ, ಡೌನ್‌ಲೋಡ್ ಮಾಡಬೇಕಿಲ್ಲ. ನಿಮ್ಮ ವಿಂಡೋಸ್ ಕಂಪ್ಯೂಟರ್‌ನಲ್ಲಿ ಅದು ಆಗಲೇ ಇದೆ. ಆದರೂ ಜನ ಅದರ ಹತ್ತಿರ ಹೋಗುವುದಿಲ್ಲ. ಕಪ್ಪು ಸ್ಕ್ರೀನ್ ಕಂಡರೆ ಏನೋ ಕೆಟ್ಟುಹೋಯಿತು ಅಂದುಕೊಳ್ಳುತ್ತಾರೆ, ಇಲ್ಲವೇ ಅದು ಎಂಜಿನಿಯರ್‌ಗಳ ಕೆಲಸ ಅಂತ ಬಿಟ್ಟುಬಿಡುತ್ತಾರೆ. ಸೈಬರ್ ಸೆಂಟರ್, ಡಿಟಿಪಿ ಅಂಗಡಿ, ಸ್ಟುಡಿಯೋ, ಆರ್‌ಎಂಸಿ ಯಾರ್ಡ್‌ನ ಮಂಡಿ, ಹೀಗೆ ದಿನಾ ಕಂಪ್ಯೂಟರ್ ಮುಂದೆ ಕೂರುವವರಿಗೆ ಇದು ನಿಜವಾಗಿ ಉಪಯೋಗಕ್ಕೆ ಬರುವ ವಿದ್ಯೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಬೇಕು. ಕಾಪಿ, ಪಿಂಗ್ ಇವೆಲ್ಲ ಇಂಗ್ಲಿಷ್ ಪದಗಳೇ, ಹಾಗೇ ಟೈಪ್ ಮಾಡಿ. ಡಿಐಆರ್, ಸಿಡಿ ಅಂತ ಇದ್ದರೆ ಆ ಅಕ್ಷರಗಳನ್ನು ಒಂದೊಂದಾಗಿ ಒತ್ತಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಯಾವುದಾದರೂ ವಿಂಡೋಸ್‌ನಲ್ಲಿ ನಡೆಯುತ್ತದೆ, ಮುಂದೆ ಬರುವ %ಐ ಒಂದನ್ನು ಬಿಟ್ಟು. ವಿಂಡೋಸ್ ಬದಲು ಕೆಲವರು ಬಳಸುವ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ, ಅಲ್ಲಿ ಎರಡೂ ಬೇರೆ ಬೇರೆ.

ಈಗ ತೆರೆಯುವುದು. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಎಡಗಡೆ ಕೆಳಗೆ ಒಂದು ಚಿಕ್ಕ ಬಾಕ್ಸ್ ಬರುತ್ತದೆ. ಅದರಲ್ಲಿ ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಅಷ್ಟೇ. ಆದರೆ ನನಗೆ ಇದಕ್ಕಿಂತ ಇನ್ನೊಂದು ದಾರಿ ಇಷ್ಟ. ಕೆಲಸ ಇರುವ ಫೋಲ್ಡರ್ ಅನ್ನು ಮಾಮೂಲಿಯಾಗಿ ಮೌಸ್‌ನಿಂದಲೇ ತೆರೆಯಿರಿ. ಮೇಲೆ ಫೋಲ್ಡರ್ ಹೆಸರು ತೋರಿಸುವ ಪಟ್ಟಿ ಇರುತ್ತದಲ್ಲ, ಅದರ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ, ಅಲ್ಲಿರುವುದನ್ನು ಅಳಿಸಿ ಸಿಎಂಡಿ ಅಂತ ಬರೆದು ಎಂಟರ್ ಕೊಡಿ. ಕಪ್ಪು ಸ್ಕ್ರೀನ್ ನೇರವಾಗಿ ಅದೇ ಫೋಲ್ಡರ್‌ನಲ್ಲಿ ತೆರೆದುಕೊಳ್ಳುತ್ತದೆ. ಹೊಸಬರಿಗೆ ಆಗುವ ತೊಂದರೆಯಲ್ಲಿ ಮುಕ್ಕಾಲು ಪಾಲು ತಪ್ಪು ಫೋಲ್ಡರ್‌ನಲ್ಲಿ ನಿಂತು ಕಮಾಂಡ್ ಕೊಡುವುದರಿಂದಲೇ ಬರುತ್ತದೆ. ಈ ದಾರಿಯಲ್ಲಿ ಬಂದರೆ ಆ ತೊಂದರೆಯೇ ಇಲ್ಲ.

ವಿಂಡೋಸ್ 11 ಇದ್ದವರು ಫೋಲ್ಡರ್ ಒಳಗೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ತೆರೆಯಬಹುದು. ಅಲ್ಲಿ ಒಂದು ವಿಷಯ ಗಮನದಲ್ಲಿಡಿ. ಹಾಗೆ ತೆರೆದಾಗ ಸಾಮಾನ್ಯವಾಗಿ ಬರುವುದು ಪವರ್‌ಶೆಲ್, ಹಳೆಯ ಕಮಾಂಡ್ ಪ್ರಾಂಪ್ಟ್ ಅಲ್ಲ. ಸಾಲಿನ ಮೊದಲಲ್ಲಿ ಪಿಎಸ್ ಅಂತ ಎರಡು ಅಕ್ಷರ ಕಂಡರೆ ಅದು ಪವರ್‌ಶೆಲ್ ಅಂತ ತಿಳಿಯಿರಿ. ಇದು 2006ರಲ್ಲಿ ಬಂದದ್ದು, ಶಕ್ತಿ ಜಾಸ್ತಿ, ಆದರೆ ಕೆಲವು ಹಳೆಯ ಕಮಾಂಡ್‌ಗಳು ಅದರಲ್ಲಿ ಹಾಗೇ ನಡೆಯುವುದಿಲ್ಲ. ಯಾವುದೋ ವಿಡಿಯೋ ನೋಡಿ ಅದೇ ಸಾಲು ಟೈಪ್ ಮಾಡಿದೆ, ಅವರಿಗೆ ಬಂತು ನನಗೆ ಬರಲಿಲ್ಲ ಅಂತ ಎಷ್ಟೋ ಜನ ಒದ್ದಾಡುತ್ತಾರಲ್ಲ, ಅದಕ್ಕೆ ಬಹಳ ಸಲ ಇದೇ ಕಾರಣ. ಪವರ್‌ಶೆಲ್ ಒಳಗೇ ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಕೊಟ್ಟರೆ ಹಳೆಯದಕ್ಕೆ ಬರುತ್ತೀರಿ. ಈ ಲೇಖನದಲ್ಲಿ ಹೇಳುವುದೆಲ್ಲ ಆ ಹಳೆಯ ಕಮಾಂಡ್ ಪ್ರಾಂಪ್ಟ್‌ಗೆ. ಉಬುಂಟು (ಲಿನಕ್ಸ್‌ನ ಒಂದು ಬಗೆ) ಇದ್ದರೆ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಟರ್ಮಿನಲ್ ಅನ್ನುವ ಆ್ಯಪ್ ಇದೆ. ಆ ಎರಡರಲ್ಲಿ ಕಮಾಂಡ್‌ಗಳು ಬೇರೆ, ರೀತಿ ಒಂದೇ.

ತೆರೆದ ಕೂಡಲೇ ಟೈಪ್ ಮಾಡಲು ಹೋಗಬೇಡಿ. ಅದು ಏನು ಬರೆದಿದೆ ನೋಡಿ. ಹೀಗಿರುತ್ತದೆ:

ಸಿ:\ಯೂಸರ್ಸ್\ಸ್ಟುಡಿಯೋ>

ಇದನ್ನೇ ಪ್ರಾಂಪ್ಟ್ ಅನ್ನುವುದು. ನೀವು ಈಗ ಸಿ ಡ್ರೈವ್‌ನಲ್ಲಿ, ಯೂಸರ್ಸ್ ಫೋಲ್ಡರ್ ಒಳಗೆ, ಸ್ಟುಡಿಯೋ ಅನ್ನುವ ಫೋಲ್ಡರ್‌ನಲ್ಲಿ ನಿಂತಿದ್ದೀರಿ, ಹೇಳಿ ಏನು ಮಾಡಬೇಕು ಅಂತ ಅದರ ಅರ್ಥ. ಮೌಸ್ ಹಿಡಿದಾಗ ನೀವು ಎಲ್ಲಿದ್ದೀರಿ ಅನ್ನುವುದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಕಾಣುವುದಿಲ್ಲ, ಓದಬೇಕು. ನೀವು ಕೊಡುವ ಪ್ರತಿಯೊಂದು ಕಮಾಂಡ್ ಅನ್ನೂ ಅದು ನೀವು ನಿಂತಿರುವ ಜಾಗದಿಂದಲೇ ಲೆಕ್ಕ ಹಾಕುತ್ತದೆ. ಜಯದೇವ ಸರ್ಕಲ್‌ನಲ್ಲಿ ನಿಂತವರಿಗೆ ‘ಇಲ್ಲಿಂದ ಎಡಕ್ಕೆ ಹೋಗಿ, ಎರಡನೇ ಅಂಗಡಿ’ ಅಂದರೆ ಸಾಕು. ಅದೇ ಮಾತನ್ನು ಹರಿಹರದ ಬಸ್ ಸ್ಟ್ಯಾಂಡ್‌ನಲ್ಲಿ ನಿಂತವರಿಗೆ ಫೋನ್‌ನಲ್ಲಿ ಹೇಳಿದರೆ ಅವರು ಇನ್ನೆಲ್ಲೋ ಹೋಗುತ್ತಾರೆ, ಅವರಿಗೆ ಊರು, ರಸ್ತೆ, ಅಂಗಡಿ ಹೆಸರು ಎಲ್ಲ ಸೇರಿಸಿ ಪೂರ್ತಿ ವಿಳಾಸ ಕೊಡಬೇಕು. ಫೈಲ್ ವಿಳಾಸವೂ ಹೀಗೆ ಎರಡು ಥರ. ಬರೀ ಫೈಲ್ ಹೆಸರು ಹೇಳಿದರೆ ಈಗ ನಿಂತ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಡ್ರೈವ್ ಅಕ್ಷರದಿಂದ ಶುರುಮಾಡಿ ಪೂರ್ತಿ ಹೇಳಿದರೆ ಎಲ್ಲಿ ನಿಂತಿದ್ದರೂ ಸರಿಯಾಗಿ ತಲುಪುತ್ತದೆ.

ವಿಳಾಸದ ನಡುವೆ ಬರುವ ಆ ಗೆರೆ, ಹಿಂದಕ್ಕೆ ವಾಲಿದ್ದು, ವಿಂಡೋಸ್‌ನಲ್ಲಿ ಮಾತ್ರ ಹಾಗೆ. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ, ವೆಬ್‌ಸೈಟ್ ವಿಳಾಸದಲ್ಲಿ ಮುಂದಕ್ಕೆ ವಾಲಿದ ಗೆರೆ ಇರುತ್ತದೆ. ಇದಕ್ಕೊಂದು ಹಳೆಯ ಕಾರಣ ಇದೆ. 1981ರಲ್ಲಿ, ವಿಂಡೋಸ್‌ಗೂ ಮೊದಲು, ಮೈಕ್ರೋಸಾಫ್ಟ್‌ನ ಎಂಎಸ್ ಡಾಸ್ ಮೊದಲ ಸಲ ಬಂದಾಗ ಅದರಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಅನ್ನುವುದೇ ಇರಲಿಲ್ಲ. ಮುಂದಕ್ಕೆ ವಾಲಿದ ಗೆರೆಯನ್ನು ಆಗಲೇ ಕಮಾಂಡ್‌ನ ಆಯ್ಕೆಗಳನ್ನು ಹೇಳಲು ಬಳಸಿಬಿಟ್ಟಿದ್ದರು. 1983ರ ಎರಡನೇ ಆವೃತ್ತಿಯಲ್ಲಿ ಫೋಲ್ಡರ್‌ಗಳು ಬಂದಾಗ ಉಳಿದಿದ್ದ ಹಿಂದಿನ ಗೆರೆಯನ್ನು ಹಿಡಿದರು. ಇವತ್ತಿಗೂ ಅದೇ ನಡೆಯುತ್ತಿದೆ.

ಫೋಲ್ಡರ್‌ನಿಂದ ಫೋಲ್ಡರ್‌ಗೆ ಓಡಾಡಲು ಸಿಡಿ. ಸಿಡಿ ಅಂತ ಬರೆದು, ಒಂದು ಜಾಗ ಬಿಟ್ಟು, ಫೋಲ್ಡರ್ ಹೆಸರು ಬರೆದರೆ ಒಳಗೆ ಹೋಗುತ್ತೀರಿ. ಸಿಡಿ ಆದಮೇಲೆ ಎರಡು ಚುಕ್ಕಿ ಇಟ್ಟರೆ ಒಂದು ಮೆಟ್ಟಿಲು ಹೊರಗೆ ಬರುತ್ತೀರಿ. ಡಿ ಡ್ರೈವ್‌ಗೆ ಹೋಗಬೇಕಾದರೆ ಸಿಡಿ ಬೇಡ, ಡಿ ಅಕ್ಷರ ಮತ್ತು ಅದರ ಪಕ್ಕ ಎರಡು ಚುಕ್ಕಿಯ ಕೋಲನ್, ಇಷ್ಟು ಬರೆದು ಎಂಟರ್ ಕೊಡಿ. ಇಲ್ಲಿ ತುಂಬ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಸಿ ಡ್ರೈವ್‌ನಲ್ಲಿ ನಿಂತು ಸಿಡಿ ಬರೆದು ಡಿ ಡ್ರೈವ್‌ನ ಪೂರ್ತಿ ವಿಳಾಸ ಕೊಟ್ಟರೂ ಅದು ಅಲ್ಲಾಡುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಸಿಡಿ ಪಕ್ಕ /ಡಿ ಸೇರಿಸಿದರೆ ಡ್ರೈವ್ ಮತ್ತು ಫೋಲ್ಡರ್ ಎರಡೂ ಒಟ್ಟಿಗೆ ಬದಲಾಗುತ್ತವೆ. ನಿಂತ ಜಾಗದಲ್ಲಿ ಏನೇನಿದೆ ನೋಡಲು ಡಿಐಆರ್. ಕೊನೆಯಲ್ಲಿ ಎಷ್ಟು ಫೈಲ್ ಇವೆ, ಒಟ್ಟು ಎಷ್ಟು ಬೈಟ್ ಅನ್ನುವ ಲೆಕ್ಕವನ್ನೂ ಕೊಡುತ್ತದೆ. ಆ ಲೆಕ್ಕ ಮುಂದೆ ನಮಗೆ ಬೇಕಾಗುತ್ತದೆ.

ಇನ್ನು ಸ್ವಲ್ಪ ಒಳಗೆ ಹೋಗೋಣ. ನೀವು ಒಂದು ಸಾಲು ಬರೆದು ಎಂಟರ್ ಹೊಡೆದಾಗ ಏನಾಗುತ್ತದೆ ಅನ್ನುವುದು ಗೊತ್ತಾದರೆ ಎರರ್‌ಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಕಾಣುವ ಕಪ್ಪು ಸ್ಕ್ರೀನ್ ಬೇರೆ, ಅದರೊಳಗೆ ಕೆಲಸ ಮಾಡುವ ಪ್ರೋಗ್ರಾಂ ಬೇರೆ. ಸ್ಕ್ರೀನ್‌ಗೆ ಟರ್ಮಿನಲ್ ಅನ್ನುತ್ತಾರೆ. ನೀವು ಒತ್ತಿದ ಅಕ್ಷರ ಒಳಗೆ ಕಳಿಸುವುದು, ಒಳಗಿಂದ ಬಂದ ಅಕ್ಷರ ತೋರಿಸುವುದು, ಇಷ್ಟೇ ಅದರ ಕೆಲಸ. 1970ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಜೊತೆಗಾರರು ಮುಂದೆ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಟ್ಟುತ್ತಿದ್ದ ಕಾಲದಲ್ಲಿ ಇದು ಸ್ಕ್ರೀನ್ ಕೂಡ ಆಗಿರಲಿಲ್ಲ. ಟೆಲಿಟೈಪ್ ಅನ್ನುವ ಯಂತ್ರ, ಟೈಪ್ ಮಾಡಿದ್ದೂ ಕಾಗದದ ಮೇಲೆ, ಉತ್ತರವೂ ಕಾಗದದ ಮೇಲೆ. ಒಂದೊಂದು ಅಕ್ಷರ ಅಚ್ಚಾಗಲೂ ಸಮಯ ಹಿಡಿಯುತ್ತಿತ್ತು. ಕಮಾಂಡ್‌ಗಳ ಹೆಸರು ಎರಡು ಮೂರು ಅಕ್ಷರಕ್ಕೆ ಮೊಟಕಾಗಿದ್ದು, ಕೆಲಸ ಸರಿಯಾಗಿ ಆದರೆ ಏನೂ ಹೇಳದೆ ಸುಮ್ಮನಿರುವ ಅಭ್ಯಾಸ, ಇವೆಲ್ಲ ಆ ದಿನಗಳಿಂದ ಬಂದವು.

ಒಳಗೆ ಕೂತು ಓದುವ ಪ್ರೋಗ್ರಾಂಗೆ ಶೆಲ್ ಅಂತ ಹೆಸರು. ಸಿಎಂಡಿ ಒಂದು ಶೆಲ್, ಪವರ್‌ಶೆಲ್ ಇನ್ನೊಂದು, ಲಿನಕ್ಸ್‌ನ ಬ್ಯಾಶ್ ಮತ್ತೊಂದು. ನಿಮ್ಮ ಸಾಲನ್ನು ಅದು ಜಾಗ ಬಿಟ್ಟ ಕಡೆಯಲ್ಲೆಲ್ಲ ತುಂಡು ಮಾಡುತ್ತದೆ. ಮೊದಲ ತುಂಡು ಯಾವ ಕೆಲಸ ಅನ್ನುವುದು. ಉಳಿದ ತುಂಡುಗಳು ಯಾವುದರ ಮೇಲೆ, ಹೇಗೆ ಅನ್ನುವುದು. ಮೊದಲ ತುಂಡು ತನಗೇ ಗೊತ್ತಿರುವ ಕೆಲಸವಾ ಅಂತ ನೋಡುತ್ತದೆ, ಡಿಐಆರ್, ಸಿಡಿ, ಕಾಪಿ ಎಲ್ಲ ಆ ಥರದವು. ಅಲ್ಲದಿದ್ದರೆ ಆ ಹೆಸರಿನ ಪ್ರೋಗ್ರಾಂ ನಿಂತಿರುವ ಫೋಲ್ಡರ್‌ನಲ್ಲಿ ಇದೆಯಾ ಅಂತ ಹುಡುಕುತ್ತದೆ. ಅಲ್ಲೂ ಇಲ್ಲದಿದ್ದರೆ ಪಾತ್ ಅನ್ನುವ ಒಂದು ಪಟ್ಟಿ ಇದೆ, ಅದರಲ್ಲಿ ಬರೆದಿರುವ ಫೋಲ್ಡರ್‌ಗಳನ್ನು ಒಂದಾದ ಮೇಲೆ ಒಂದು ತಡಕಾಡುತ್ತದೆ. ಎಲ್ಲೂ ಸಿಗದಿದ್ದರೆ ಆಗ ಬರುವುದೇ ಎಲ್ಲರೂ ನೋಡಿರುವ ಆ ಎರರ್: ಇದು ಒಳಗಿನ ಕಮಾಂಡೂ ಅಲ್ಲ, ಹೊರಗಿನ ಕಮಾಂಡೂ ಅಲ್ಲ, ಓಡಿಸಬಹುದಾದ ಪ್ರೋಗ್ರಾಂ ಅಥವಾ ಬ್ಯಾಚ್ ಫೈಲೂ ಅಲ್ಲ. ಅಂದರೆ ಸ್ಪೆಲಿಂಗ್ ತಪ್ಪಿರಬೇಕು, ಇಲ್ಲ ಆ ಪ್ರೋಗ್ರಾಂ ಹಾಕಿಯೇ ಇಲ್ಲ, ಇಲ್ಲವೇ ಹಾಕಿದ ಜಾಗ ಪಾತ್ ಪಟ್ಟಿಯಲ್ಲಿ ಇಲ್ಲ. ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪೈಥಾನ್ ಇನ್‌ಸ್ಟಾಲ್ ಮಾಡಿದ ದಿನವೇ ಇದನ್ನು ಕಂಡು ಗಾಬರಿಯಾಗುತ್ತಾರೆ. ಪೈಥಾನ್ ಕೆಟ್ಟಿಲ್ಲ ಮಕ್ಕಳೇ. ಇನ್‌ಸ್ಟಾಲ್ ಮಾಡುವಾಗ ಮೊದಲ ಪುಟದಲ್ಲೇ ಪಾತ್‌ಗೆ ಸೇರಿಸುವ ಟಿಕ್ ಬಾಕ್ಸ್ ಇರುತ್ತದೆ, ಅದನ್ನು ಬಿಟ್ಟಿರುತ್ತೀರಿ.

ಜಾಗ ಬಿಟ್ಟ ಕಡೆ ತುಂಡು ಮಾಡುತ್ತದೆ ಅಂದೆನಲ್ಲ, ಅದನ್ನು ಕಣ್ಣಾರೆ ನೋಡಬೇಕಾದರೆ ಹೀಗೆ ಮಾಡಿ. ಹೊಸ ಫೋಲ್ಡರ್ ಮಾಡುವ ಕಮಾಂಡ್ ಎಂಡಿ. ಈಗ ‘ಎಂಡಿ ಹರಿಹರ ಮದುವೆ’ ಅಂತ ಕೊಡಿ. ಒಂದು ಫೋಲ್ಡರ್ ಆಗುತ್ತದೆ ಅಂದುಕೊಂಡಿರುತ್ತೀರಿ, ಎರಡು ಆಗಿರುತ್ತವೆ, ಒಂದು ಹರಿಹರ, ಇನ್ನೊಂದು ಮದುವೆ. ಹೆಸರಿನ ನಡುವೆ ಜಾಗ ಇದ್ದರೆ ಪೂರ್ತಿ ಹೆಸರನ್ನು ಡಬಲ್ ಕೋಟ್ ಒಳಗೆ ಹಾಕಬೇಕು. ಇಲ್ಲವಾದರೆ ಜಾಗದ ಬದಲು ಕೆಳಗೆರೆ ಹಾಕಿ ಹೆಸರಿಡುವ ಅಭ್ಯಾಸ ಮಾಡಿಕೊಳ್ಳಿ. ಉದ್ದ ಹೆಸರನ್ನು ಪೂರ್ತಿ ಟೈಪ್ ಮಾಡುವ ಕಷ್ಟವೂ ಬೇಡ. ಮೊದಲ ಎರಡು ಮೂರು ಅಕ್ಷರ ಬರೆದು ಟ್ಯಾಬ್ ಕೀ ಒತ್ತಿ, ಉಳಿದದ್ದನ್ನು ಅದೇ ತುಂಬುತ್ತದೆ, ಕೋಟ್ ಬೇಕಿದ್ದರೆ ಅದನ್ನೂ ಹಾಕುತ್ತದೆ. ಮತ್ತೆ ಮತ್ತೆ ಒತ್ತಿದರೆ ಮುಂದಿನ ಹೆಸರು ಬರುತ್ತದೆ. ಮೇಲಿನ ಬಾಣದ ಕೀ ಒತ್ತಿದರೆ ಹಿಂದೆ ಕೊಟ್ಟ ಕಮಾಂಡ್ ವಾಪಸ್ ಬರುತ್ತದೆ. ಓಡುತ್ತಿರುವುದನ್ನು ನಿಲ್ಲಿಸಲು ಕಂಟ್ರೋಲ್ ಸಿ. ಈ ಮೂರು ಕೈಗೆ ಹತ್ತಿದರೆ ಕೆಲಸ ಮೌಸ್‌ಗಿಂತ ಬೇಗ ಆಗುತ್ತದೆ.

ನಕ್ಷತ್ರ ಚಿಹ್ನೆ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. *.ಜೆಪಿಜಿ ಅಂದರೆ ಆ ಕೊನೆ ಇರುವ ಎಲ್ಲ ಫೈಲ್. ಸೈಬರ್ ಸೆಂಟರ್‌ನವರಿಗೆ ಗೊತ್ತಿರುವ ಒಂದು ತಲೆನೋವು ಹೇಳುತ್ತೇನೆ. ಅರ್ಜಿ ಹಾಕಲು ಬಂದವರು ಫೋಟೋ, ಸಹಿ, ಅಂಕಪಟ್ಟಿ ಎಲ್ಲ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಫೈಲ್‌ಗಳ ಕೊನೆಗೆ ಜೆಪಿಇಜಿ ಅಂತ ನಾಲ್ಕು ಅಕ್ಷರ ಇರುತ್ತದೆ, ಕೆಲವು ಅರ್ಜಿ ಪುಟಗಳು ಜೆಪಿಜಿ ಮಾತ್ರ ತೆಗೆದುಕೊಳ್ಳುತ್ತವೆ. ಎರಡೂ ಒಂದೇ ಮಾದರಿಯ ಚಿತ್ರ, ಹೆಸರಿನ ಬಾಲ ಮಾತ್ರ ಬೇರೆ. ಹಾಗಾಗಿ ಆ ಫೋಲ್ಡರ್‌ನಲ್ಲಿ ನಿಂತು ಈ ಒಂದು ಸಾಲು ಕೊಟ್ಟರೆ ಎಲ್ಲದರ ಬಾಲ ಒಂದೇ ಸಲ ಬದಲಾಗುತ್ತದೆ:

ಆರ್‌ಇಎನ್ *.ಜೆಪಿಇಜಿ *.ಜೆಪಿಜಿ

ಫೈಲ್ ಅಳಿಸುವ ಕಮಾಂಡ್ ಡಿಇಎಲ್. ಇದರ ಬಗ್ಗೆ ಗಂಭೀರವಾಗಿಯೇ ಹೇಳುತ್ತೇನೆ. ಇದರಿಂದ ಅಳಿಸಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹೋಯಿತು ಅಂದರೆ ಹೋಯಿತು. ಒಬ್ಬರ ಮದುವೆ ಫೋಟೋ ಎರಡನೇ ಸಲ ತೆಗೆಯಲು ಆಗುವುದಿಲ್ಲ ಅಲ್ವಾ? ಆದ್ದರಿಂದ ನಕ್ಷತ್ರ ಸೇರಿಸಿ ಏನನ್ನಾದರೂ ಅಳಿಸುವ ಮೊದಲು ಅದೇ ನಕ್ಷತ್ರದ ಸಾಲನ್ನು ಡಿಐಆರ್ ಜೊತೆ ಕೊಟ್ಟು ನೋಡಿ. ಯಾವ ಫೈಲ್‌ಗಳು ಪಟ್ಟಿಯಲ್ಲಿ ಬರುತ್ತವೋ ಅವೇ ಅಳಿಯುವುದು. ಪಟ್ಟಿ ಸರಿ ಇದ್ದರೆ ಮೇಲಿನ ಬಾಣ ಒತ್ತಿ, ಡಿಐಆರ್ ತೆಗೆದು ಡಿಇಎಲ್ ಹಾಕಿ. ಇನ್ನೂ ಒಳ್ಳೆಯದು ಅಂದರೆ ಅಳಿಸಲೇಬೇಡಿ, ಮೂವ್ ಕಮಾಂಡ್‌ನಿಂದ ಬೇರೆ ಫೋಲ್ಡರ್‌ಗೆ ಸಾಗಿಸಿ, ಆಲ್ಬಮ್ ಕೊಟ್ಟು ದುಡ್ಡು ಬಂದ ಮೇಲೆ ನೋಡಿಕೊಳ್ಳಿ.

ಈಗ ಆಲ್ಬಮ್ ಕೆಲಸ. ಫೋಟೋಗಳೆಲ್ಲ ಒಂದು ಫೋಲ್ಡರ್‌ನಲ್ಲಿವೆ, ಹೆಸರು ಡಿಎಸ್‌ಸಿ_0047.ಜೆಪಿಜಿ ಈ ಥರ. ಮನೆಯವರು ಕಳಿಸಿದ ನಂಬರ್‌ಗಳನ್ನು ನೋಟ್‌ಪ್ಯಾಡ್‌ಗೆ ಹಾಕಿ, ಒಂದು ಸಾಲಿಗೆ ಒಂದೇ ನಂಬರ್. ಅವರು 47 ಅಂತ ಬರೆದಿದ್ದರೆ ನೀವು 0047 ಅಂತ ಮಾಡಬೇಕು, ಕಂಪ್ಯೂಟರ್ ಹೆಸರನ್ನು ಅಕ್ಷರ ಅಕ್ಷರ ಹೋಲಿಸುತ್ತದೆ, ಅರ್ಥ ಮಾಡಿಕೊಂಡು ಸರಿಪಡಿಸುವುದಿಲ್ಲ. ಅದನ್ನು ಫೋಟೋಗಳಿರುವ ಫೋಲ್ಡರ್‌ನಲ್ಲೇ ಲಿಸ್ಟ್.ಟಿಎಕ್ಸ್‌ಟಿ ಅಂತ ಸೇವ್ ಮಾಡಿ. ಅದೇ ಫೋಲ್ಡರ್‌ನ ಮೇಲಿನ ಪಟ್ಟಿಯಲ್ಲಿ ಸಿಎಂಡಿ ಬರೆದು ಪ್ರಾಂಪ್ಟ್ ತೆರೆಯಿರಿ. ‘ಎಂಡಿ ಆಲ್ಬಮ್’ ಅಂತ ಕೊಟ್ಟು ಹೊಸ ಫೋಲ್ಡರ್ ಮಾಡಿ. ಆಮೇಲೆ ಈ ಸಾಲು:

ಫಾರ್ /ಎಫ್ %ಐ ಇನ್ (ಲಿಸ್ಟ್.ಟಿಎಕ್ಸ್‌ಟಿ) ಡೂ ಕಾಪಿ ಡಿಎಸ್‌ಸಿ_%ಐ.ಜೆಪಿಜಿ ಆಲ್ಬಮ್\

ಇದು ನೋಡಲು ಕಷ್ಟ, ಒಡೆದು ನೋಡಿದರೆ ಸುಲಭ. ಫಾರ್ /ಎಫ್ ಅಂದರೆ ಒಂದು ಫೈಲ್ ತೆಗೆದು ಸಾಲು ಸಾಲಾಗಿ ಓದು ಅಂತ. ಬ್ರಾಕೆಟ್ ಒಳಗಿನದು ಯಾವ ಫೈಲ್ ಓದಬೇಕು ಅನ್ನುವುದು. %ಐ ಅನ್ನುವುದು ಖಾಲಿ ಜಾಗ, ಓದಿದ ನಂಬರ್ ಒಂದೊಂದೇ ಬಂದು ಅಲ್ಲಿ ಕೂರುತ್ತದೆ. ಆ ಐ ಅಕ್ಷರ ಎರಡೂ ಕಡೆ ಒಂದೇ ಥರ ಇರಬೇಕು, ಒಂದು ಕಡೆ ಸಣ್ಣದು, ಇನ್ನೊಂದು ಕಡೆ ದೊಡ್ಡದು ಹಾಕಿದರೆ ನಡೆಯುವುದಿಲ್ಲ. ಡೂ ಆದಮೇಲೆ ಇರುವುದು ಪ್ರತಿ ನಂಬರ್‌ಗೂ ಮಾಡಬೇಕಾದ ಕೆಲಸ. ಮೊದಲ ಸಾಲಿನಲ್ಲಿ 0047 ಸಿಕ್ಕರೆ ಅದು ಡಿಎಸ್‌ಸಿ_0047.ಜೆಪಿಜಿ ಅನ್ನು ಆಲ್ಬಮ್ ಫೋಲ್ಡರ್‌ಗೆ ಕಾಪಿ ಮಾಡುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ, ಹೀಗೆ ಕೊನೆಯವರೆಗೆ. ಪ್ರತಿ ಸಾಲಿನ ಮೊದಲ ಪದವನ್ನು ಮಾತ್ರ ಅದು ತೆಗೆದುಕೊಳ್ಳುವುದರಿಂದ ನಂಬರ್ ಪಕ್ಕದಲ್ಲಿ ಜಾಗ ಬಿಟ್ಟು ‘ದೊಡ್ಡ ಸೈಜ್’ ಅಂತಲೋ ‘ಅಜ್ಜಿ ಜೊತೆ’ ಅಂತಲೋ ನಿಮ್ಮ ಗುರುತಿಗೆ ಬರೆದುಕೊಂಡರೂ ತೊಂದರೆ ಇಲ್ಲ. ಇದು ನನಗೆ ತುಂಬ ಹಿಡಿಸಿದ ಅನುಕೂಲ.

ನೇರ ಈ ಸಾಲನ್ನೇ ಓಡಿಸಬೇಡಿ. ಮೊದಲು ಕಾಪಿ ಅನ್ನುವ ಪದದ ಎಡಗಡೆ ಎಕೋ ಅಂತ ಸೇರಿಸಿ ಕೊಡಿ. ಎಕೋ ಏನನ್ನೂ ಮಾಡುವುದಿಲ್ಲ, ಪಕ್ಕದಲ್ಲಿ ಬರೆದದ್ದನ್ನು ಸುಮ್ನೆ ಸ್ಕ್ರೀನ್ ಮೇಲೆ ತೋರಿಸುತ್ತದೆ. ನಿಜವಾಗಿ ಓಡಿಸಿದರೆ ಯಾವ್ಯಾವ ಸಾಲು ಓಡುತ್ತಿತ್ತು ಅನ್ನುವುದು ಕಣ್ಣ ಮುಂದೆ ಬರುತ್ತದೆ. ಸರಿ ಕಂಡರೆ ಎಕೋ ತೆಗೆದು ಓಡಿಸಿ. ಇನ್ನೊಂದು, ಆಲ್ಬಮ್ ಹೆಸರಿನ ಕೊನೆಯ ಆ ಗೆರೆ ಬಿಡಬೇಡಿ. ಗೆರೆ ಇಲ್ಲದೆ, ಫೋಲ್ಡರ್ ಮಾಡುವುದನ್ನೂ ಮರೆತಿದ್ದರೆ, ಅದು ಆಲ್ಬಮ್ ಅನ್ನುವ ಹೆಸರಿನ ಒಂದು ಫೈಲ್ ಮಾಡಿ ಫೋಟೋವನ್ನು ಅದಕ್ಕೇ ಬರೆಯುತ್ತದೆ, ಮುಂದಿನ ಫೋಟೋವನ್ನೂ ಅದರ ಮೇಲೇ ಬರೆಯಲಾ ಅಂತ ಕೇಳುತ್ತದೆ.

ಓಡುವಾಗ ಯಾವುದಾದರೂ ನಂಬರ್ ಹತ್ತಿರ ಫೈಲ್ ಸಿಗಲಿಲ್ಲ ಅಂತ ಬಂದರೆ ಆ ನಂಬರ್ ತಪ್ಪಿದೆ, ಇಲ್ಲ ಅದು ಎರಡನೇ ಕ್ಯಾಮೆರಾದ ಫೋಟೋ. ಮನೆಯವರಿಗೆ ಅಲ್ಲೇ ಫೋನ್ ಮಾಡಿ ಕೇಳಬಹುದು. ಮುಗಿದ ಮೇಲೆ ‘ಡಿಐಆರ್ ಆಲ್ಬಮ್’ ಕೊಡಿ, ಕೊನೆಯಲ್ಲಿ ಬರುವ ಫೈಲ್‌ಗಳ ಲೆಕ್ಕವನ್ನು ಲಿಸ್ಟ್‌ನ ನಂಬರ್‌ಗಳ ಲೆಕ್ಕದ ಜೊತೆ ತಾಳೆ ನೋಡಿ. ಸೋದರಮಾವನ ಫೋಟೋ ಬಿಟ್ಟುಹೋಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಇದೇ ಸಾಲನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು, ಹೆಸರಿನ ಕೊನೆಗೆ .ಬಿಎಟಿ ಅಂತ ಇಟ್ಟು ಸೇವ್ ಮಾಡಿದರೆ ಬ್ಯಾಚ್ ಫೈಲ್ ಆಗುತ್ತದೆ, ಮುಂದಿನ ಮದುವೆಗೆ ಹೊಸ ಲಿಸ್ಟ್ ಮತ್ತು ಆಲ್ಬಮ್ ಫೋಲ್ಡರ್ ಮಾಡಿಕೊಂಡು, ಅದನ್ನು ಆ ಫೋಟೋಗಳ ಫೋಲ್ಡರ್‌ಗೆ ಹಾಕಿ ಡಬಲ್ ಕ್ಲಿಕ್ ಮಾಡಿದರೆ ಸಾಕು. ಆದರೆ ಬ್ಯಾಚ್ ಫೈಲ್ ಒಳಗೆ ಬರೆಯುವಾಗ % ಚಿಹ್ನೆಯನ್ನು ಎರಡೆರಡು ಸಲ ಹಾಕಬೇಕು. ಇದನ್ನು ಮರೆತರೆ ಓಡುವುದಿಲ್ಲ.

ನೆಟ್ ಹೋದಾಗಲೂ ಕಪ್ಪು ಸ್ಕ್ರೀನ್ ತೆರೆಯಿರಿ. ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದಾರೆ, ಪುಟ ತೆರೆಯುತ್ತಿಲ್ಲ. ತಪ್ಪು ನಿಮ್ಮ ಕಂಪ್ಯೂಟರ್‌ದಾ, ವೈಫೈ ಡಬ್ಬದ್ದಾ, ಲೈನ್‌ದಾ ಅಂತ ಗೊತ್ತಾಗದೆ ಎಲ್ಲವನ್ನೂ ಆಫ್ ಮಾಡಿ ಆನ್ ಮಾಡುತ್ತಾ ಕೂರುವುದಕ್ಕಿಂತ ಐಪಿಕಾನ್ಫಿಗ್ ಅಂತ ಕೊಡಿ. ಬರುವ ಸಾಲುಗಳಲ್ಲಿ ಎರಡು ನೋಡಿ, ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ನಿಮ್ಮ ಕಂಪ್ಯೂಟರ್‌ನ ನಂಬರ್) ಮತ್ತು ಡೀಫಾಲ್ಟ್ ಗೇಟ್‌ವೇ (ರೂಟರ್, ಅಂದರೆ ಆ ವೈಫೈ ಡಬ್ಬದ ನಂಬರ್). ನಿಮ್ಮ ವಿಳಾಸ 169.254 ಅಂತ ಶುರುವಾಗಿದ್ದರೆ ರೂಟರ್‌ನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಅಂತ ಅರ್ಥ. ಕೇಬಲ್ ಅಥವಾ ರೂಟರ್ ನೋಡಿ. ವಿಳಾಸ ಸರಿ ಇದ್ದರೆ ಗೇಟ್‌ವೇ ನಂಬರ್ ತೆಗೆದುಕೊಂಡು, ಹೆಚ್ಚಾಗಿ 192.168.1.1 ಥರ ಇರುತ್ತದೆ, ಪಿಂಗ್ ಪಕ್ಕ ಹಾಕಿ. ಅದು ನಾಲ್ಕು ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ಕಾಯುತ್ತದೆ. ಉತ್ತರ ಬಂದರೆ ರೂಟರ್‌ವರೆಗೆ ದಾರಿ ಸರಿ ಇದೆ. ಆಮೇಲೆ ಪಿಂಗ್ 8.8.8.8 ಕೊಡಿ, ಅದು ಗೂಗಲ್‌ನ ವಿಳಾಸ. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ತೊಂದರೆ ನಿಮ್ಮ ಅಂಗಡಿಯಿಂದ ಹೊರಗಿದೆ, ಲೈನ್ ಕೊಟ್ಟವರಿಗೆ ಫೋನ್ ಮಾಡಿ. ಇದೂ ಉತ್ತರಿಸಿ, ವೆಬ್‌ಸೈಟ್ ಹೆಸರು ಹಾಕಿ ಪಿಂಗ್ ಮಾಡಿದರೆ ಮಾತ್ರ ಹೆಸರೇ ಸಿಗಲಿಲ್ಲ ಅಂತ ಬಂದರೆ, ಲೈನ್ ಇದೆ, ಹೆಸರನ್ನು ನಂಬರ್ ಮಾಡುವ ಡಿಎನ್‌ಎಸ್ ಕೈಕೊಟ್ಟಿದೆ. ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಟ್ಟು ನೋಡಿ. ‘ನೆಟ್ ಬರ್ತಿಲ್ಲ ಸರ್’ ಅನ್ನುವುದಕ್ಕೂ ‘ರೂಟರ್ ಪಿಂಗ್ ಆಗ್ತಿದೆ, 8.8.8.8 ಆಗ್ತಿಲ್ಲ’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದನ್ನು ಹೇಳಿದವರ ದೂರನ್ನು ಆ ಕಡೆಯವರು ತಳ್ಳಿಹಾಕಲು ಆಗುವುದಿಲ್ಲ.

ಒಂದು ಎಚ್ಚರ. ಪಿಂಗ್ ಕೊನೆಯಲ್ಲಿ ಎಷ್ಟು ಕಳಿಸಿತು, ಎಷ್ಟು ಬಂತು ಅಂತ ಲೆಕ್ಕ ಕೊಡುತ್ತದೆ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಅಂತ ನಿಮ್ಮ ಕಂಪ್ಯೂಟರೇ ಉತ್ತರ ಕೊಟ್ಟಿದ್ದರೂ ಆ ಲೆಕ್ಕದಲ್ಲಿ ನಾಲ್ಕಕ್ಕೆ ನಾಲ್ಕೂ ಬಂತು ಅಂತ ಸೇರಿಬಿಡುತ್ತದೆ. ಲೆಕ್ಕ ಮಾತ್ರ ನೋಡಬೇಡಿ, ಮೇಲಿನ ಸಾಲುಗಳನ್ನು ಓದಿ.

ರಾತ್ರಿ ಅಂಗಡಿ ಮುಚ್ಚುವಾಗ ವಿಡಿಯೋ ಎಕ್ಸ್‌ಪೋರ್ಟ್ ಇನ್ನೂ ನಡೆಯುತ್ತಿದ್ದರೆ ಶಟ್‌ಡೌನ್ /ಎಸ್ /ಟಿ 7200 ಕೊಟ್ಟು ಹೋಗಬಹುದು, 7200 ಸೆಕೆಂಡ್ ಅಂದರೆ ಎರಡು ಗಂಟೆಯಾದ ಮೇಲೆ ಕಂಪ್ಯೂಟರ್ ತಾನೇ ಆಫ್ ಆಗುತ್ತದೆ. ಬೇಡ ಅನಿಸಿದರೆ ಶಟ್‌ಡೌನ್ /ಎ. ಸೇವ್ ಮಾಡದ ಕೆಲಸ ಇದ್ದರೂ ಅದು ಕೇಳದೆ ಮುಚ್ಚಿಬಿಡುತ್ತದೆ, ಆದ್ದರಿಂದ ಮಿಕ್ಕ ಫೈಲ್‌ಗಳನ್ನು ಮುಚ್ಚಿಯೇ ಹೊರಡಿ. ಯಾವ ಕಮಾಂಡ್ ಹೇಗೆ ಬಳಸಬೇಕು ಅಂತ ಮರೆತರೆ ಅದರ ಪಕ್ಕ /? ಹಾಕಿ, ಪೂರ್ತಿ ವಿವರ ಅಲ್ಲೇ ಬರುತ್ತದೆ.

ಕನ್ನಡದ ವಿಷಯ ಹೇಳಲೇಬೇಕು. ಫೈಲ್ ಹೆಸರು ಕನ್ನಡದಲ್ಲಿದ್ದರೆ ಹಳೆಯ ಕಪ್ಪು ಸ್ಕ್ರೀನ್‌ನಲ್ಲಿ ಚೌಕಗಳು ಕಾಣುತ್ತವೆ. ಹೊಸ ಟರ್ಮಿನಲ್‌ನಲ್ಲಿ ಅಕ್ಷರ ಕಂಡರೂ ಒತ್ತಕ್ಷರ ಎಲ್ಲೋ, ಗುಣಿತ ಎಲ್ಲೋ ಹೋಗಿರುತ್ತದೆ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಡುತ್ತದೆ, ನಮ್ಮ ಲಿಪಿ ಆ ಮನೆಯಲ್ಲಿ ಹಿಡಿಸುವುದಿಲ್ಲ. ಫೈಲ್‌ಗೆ ಏನೂ ಆಗಿಲ್ಲ, ತೋರಿಸುವುದರಲ್ಲಿ ಮಾತ್ರ ಎಡವಟ್ಟು. ಡಿಟಿಪಿ ಅಂಗಡಿಯವರ ಬಳಿ ಇರುವ ಹಳೆಯ ನುಡಿ ಫಾಂಟ್‌ನ ಫೈಲ್‌ಗಳದ್ದು ಇನ್ನೊಂದು ಕಥೆ. ಅಲ್ಲಿ ಒಳಗಿರುವುದು ಇಂಗ್ಲಿಷ್ ಕೋಡ್‌ಗಳೇ, ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತದೆ. ಆದ್ದರಿಂದ ಕಪ್ಪು ಸ್ಕ್ರೀನ್‌ನಲ್ಲಿ ಅದನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ, ಯೂನಿಕೋಡ್‌ನಲ್ಲಿ, ಅಂದರೆ ಈಗ ಮೊಬೈಲ್, ವೆಬ್‌ಸೈಟ್‌ಗಳಲ್ಲಿ ಬಳಸುವ ಕೋಡ್‌ನಲ್ಲಿ, ಬರೆದ ಕನ್ನಡ ಪದ ಹಾಕಿ ಹುಡುಕಿದರೂ ಸಿಗುವುದಿಲ್ಲ. ಇದು ಸರಿಹೋಗಬೇಕು, ಐವತ್ತು ವರ್ಷದ ಹಳೆಯ ಲೆಕ್ಕಾಚಾರಕ್ಕೆ ನಮ್ಮ ಲಿಪಿ ಇನ್ನೂ ಬಗ್ಗಬೇಕಾಗಿ ಬಂದಿರುವುದು ನನಗೆ ಬೇಸರದ ಸಂಗತಿ. ಸದ್ಯಕ್ಕೆ ಕಮಾಂಡ್‌ನಲ್ಲಿ ಬಳಸುವ ಫೋಲ್ಡರ್‌ಗಳಿಗೆ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರಿಡುವುದೇ ದಾರಿ.

ಕೊನೆಯದಾಗಿ, ಕಪ್ಪು ಸ್ಕ್ರೀನ್ ತಾನಾಗಿ ಅಪಾಯ ಅಲ್ಲ, ಅರ್ಥವಾಗದ ಸಾಲನ್ನು ಅದರಲ್ಲಿ ಅಂಟಿಸುವುದು ಅಪಾಯ. ಈಚೆಗೆ ಒಂದು ಮೋಸ ಜಾಸ್ತಿ ಆಗಿದೆ. ಯಾವುದೋ ಪುಟ ತೆರೆದಾಗ ‘ನೀವು ರೋಬೋಟ್ ಅಲ್ಲ ಅಂತ ತೋರಿಸಿ’ ಅಂದು, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಹೊಡೆಯಿರಿ ಅಂತ ಹೇಳುತ್ತದೆ. ಆ ಪುಟ ಅಷ್ಟರಲ್ಲಿ ನಿಮಗೆ ಗೊತ್ತಿಲ್ಲದೆ ಒಂದು ಕಮಾಂಡ್ ಅನ್ನು ಕಾಪಿ ಮಾಡಿಟ್ಟಿರುತ್ತದೆ. ನೀವು ಎಂಟರ್ ಹೊಡೆದರೆ ಅದು ಓಡಿ, ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಒಂದನ್ನು ಒಳಗೆ ಇಳಿಸುತ್ತದೆ. ಯಾವ ಸಾಚಾ ವೆಬ್‌ಸೈಟೂ ಹೀಗೆ ಕೇಳುವುದಿಲ್ಲ. ಇನ್ನು ಕೆಲವರು ಕಂಪ್ಯೂಟರ್ ಕಂಪನಿಯವರು ಅಂತ ಫೋನ್ ಮಾಡಿ, ಕಪ್ಪು ಸ್ಕ್ರೀನ್ ತೆರೆಸಿ, ಯಾವುದೋ ಮಾಮೂಲಿ ಕಮಾಂಡ್ ಕೊಡಿಸಿ, ಸರಸರ ಓಡುವ ಸಾಲುಗಳನ್ನು ತೋರಿಸಿ ‘ನೋಡಿ, ವೈರಸ್’ ಅನ್ನುತ್ತಾರೆ. ಆ ಸಾಲುಗಳು ಎಲ್ಲ ಕಂಪ್ಯೂಟರ್‌ನಲ್ಲೂ ಬರುತ್ತವೆ. ಫೋನ್ ಇಟ್ಟುಬಿಡಿ.

ಎಲ್ಲಿಂದಲೋ ತಂದ ಸಾಲು ಇದ್ದರೆ ಮೊದಲು ನೋಟ್‌ಪ್ಯಾಡ್‌ಗೆ ಅಂಟಿಸಿ, ತುಂಡು ತುಂಡಾಗಿ ಓದಿ, ಮೊದಲ ಪದ ಯಾವ ಕೆಲಸದ್ದು ಅಂತ ತಿಳಿದುಕೊಂಡು ಆಮೇಲೆ ಓಡಿಸಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ ಅಂದರೆ ಇನ್ನೂ ಎರಡು ಸಲ ಓದಿ, ಆಗ ನೀವು ಕೊಡುವ ಕಮಾಂಡ್‌ಗೆ ವಿಂಡೋಸ್‌ನ ಫೈಲ್‌ಗಳನ್ನೂ ಮುಟ್ಟುವ ಅಧಿಕಾರ ಇರುತ್ತದೆ. ಗಡಿಬಿಡಿಯಲ್ಲಿ ಆಗಲೇ ಅಂಟಿಸಿ ಓಡಿಸಿಬಿಟ್ಟಿದ್ದರೆ ತಕ್ಷಣ ಕಂಪ್ಯೂಟರ್‌ನ ನೆಟ್ ತೆಗೆಯಿರಿ, ಬೇರೆ ಮೊಬೈಲ್‌ನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ದುಡ್ಡು ಹೋಗಿದ್ದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದರೆ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.